ಇಲಿಯ ಬೆನ್ನಿನ ಮೇಲೆ ಬರೆದ ಒಂದು ಅಕ್ಷರ

ಉಗ್ರ ಭೇದಿಮದ್ದೆಂದು ನಮ್ಮಲ್ಲಿ ಹೆಸರಾದ ಜಾಪಾಳಕ್ಕೆ ಕ್ಯಾನ್ಸರ್ ಸಂಶೋಧನೆಯ ಚರಿತ್ರೆಯಲ್ಲೂ ಒಂದು ಸ್ಥಾನವಿದೆ. 1940ರ ದಶಕದಲ್ಲಿ ಬೆರೆನ್‌ಬ್ಲಮ್ ಮತ್ತು ಶೂಬಿಕ್ ಎಂಬ ಸಂಶೋಧಕರು ಇಲಿಗಳ ಚರ್ಮಕ್ಕೆ ಕ್ಯಾನ್ಸರ್‌ಕಾರಕ ರಾಸಾಯನಿಕವನ್ನು ಒಂದೇ ಒಂದು ಸಲ, ಅದರಿಂದಲೇ ಗಡ್ಡೆ ಏಳದಷ್ಟು ಅಲ್ಪವಾಗಿ ಸವರಿ, ಬಳಿಕ ಜಾಪಾಳದ ಬೀಜದೆಣ್ಣೆಯನ್ನು ಮತ್ತೆ ಮತ್ತೆ ಹಚ್ಚಿದರು. ನರಹುಲಿಯಂಥ ಗಡ್ಡೆಗಳು ಎದ್ದವು. ಎಣ್ಣೆ ಹಚ್ಚುವುದನ್ನು ತಿಂಗಳುಗಟ್ಟಲೆ ಮುಂದೂಡಿದರೂ ಅವು ಏಳದೆ ಇರಲಿಲ್ಲ. ಮೊದಲ ಸಲದ ರಾಸಾಯನಿಕವು ಜೀವಕೋಶದಲ್ಲಿ ಅಳಿಯದ ಗುರುತೊಂದನ್ನು ಉಳಿಸಿತ್ತು. ಅದನ್ನು ಓದಲು ವಿಜ್ಞಾನ ದಶಕಗಳ ಕಾಲ ಕಾಯಬೇಕಾಯಿತು.

1983ರಲ್ಲಿ ಆಲನ್ ಬಾಲ್ಮೇನ್ ಮತ್ತು ಇಯಾನ್ ಪ್ರಾಗ್ನೆಲ್ ಇಂಥ ಗಡ್ಡೆಗಳ ಡಿಎನ್‌ಎಯನ್ನು ತಟ್ಟೆಯಲ್ಲಿ ಬೆಳೆಸಿದ ಇಲಿಯ ಜೀವಕೋಶಗಳಿಗೆ ಸೇರಿಸಿದಾಗ ಅವೂ ಅಂಕೆ ತಪ್ಪಿ ಬೆಳೆದವು, ಮತ್ತು ಅದಕ್ಕೆ ಕಾರಣ ಎಚ್‌ರಾಸ್ ವಂಶವಾಹಿಯೆಂದು ಗೊತ್ತಾಯಿತು. 1986ರಲ್ಲಿ ಇನ್ನೂ ಸೂಕ್ಷ್ಮವಾದ ವಿವರ ಸಿಕ್ಕಿತು: ಡಿಎಂಬಿಎ ಎಂಬ ಕ್ಯಾನ್ಸರ್‌ಕಾರಕ ಸವರಿದ ಇಲಿಗಳ ಗಡ್ಡೆಗಳಲ್ಲಿ ಈ ವಂಶವಾಹಿಯ 61ನೇ ಕೋಡಾನಿನ, ಅಂದರೆ ಒಂದು ಅಮೈನೋ ಆಮ್ಲವನ್ನು ಸೂಚಿಸುವ ಮೂರಕ್ಷರದ ಪದದ, ಸಿಎಎ ಎಂಬುದು ಸಿಟಿಎ ಆಗಿ, ಪ್ರೋಟೀನಿನಲ್ಲಿ ಗ್ಲುಟಮಿನ್ ಎಂಬ ಅಮೈನೋ ಆಮ್ಲ ಇರಬೇಕಾದಲ್ಲಿ ಲ್ಯೂಸಿನ್ ಬಂದು ಕೂತಿತ್ತು. ಬೇರೆ ಜಾತಿಯ ರಾಸಾಯನಿಕ ಬಳಸಿದರೆ ಉತ್ಪರಿವರ್ತನೆಯೂ (ಡಿಎನ್‌ಎಯ ಅಕ್ಷರ ಬದಲಾವಣೆಯೂ) ಬೇರೆ ಕಡೆ, 12ನೇ ಕೋಡಾನಿನಲ್ಲಿ, ಕಾಣಿಸುತ್ತಿತ್ತು. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸುವುದು ಇದೇ, ಏಕೆಂದರೆ ಹಾನಿ ಮಾಡಿದ ವಸ್ತು ಯಾವುದೆಂಬುದಕ್ಕೆ ಗಡ್ಡೆಯೇ ಸಾಕ್ಷಿ ನುಡಿಯುವಂತಾಯಿತು.

ಗಡ್ಡೆಯಿಂದ ತೆಗೆದು ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳು ಮುಂದಿನ ಹಂತಗಳನ್ನು ತೋರಿಸಿದವು. ಒಂದೇ ಗಡ್ಡೆಯಿಂದ ಬಂದ ಎರಡು ಪೀಳಿಗೆಗಳಲ್ಲಿ ಬಿ9 ಜೀವಕೋಶಗಳು ಹಾಸುಗಲ್ಲಿನಂತೆ ಒತ್ತೊತ್ತಾಗಿ ನಿಂತರೆ, ಎ5 ಜೀವಕೋಶಗಳು ಕದಿರಿನಂತೆ ನೀಳವಾಗಿ, ಒಂದಕ್ಕೊಂದು ಅಂಟದೆ ಹರಡುತ್ತವೆ. ಇಂಥ ಕದಿರಿನಾಕಾರದ ಜೀವಕೋಶಗಳಲ್ಲಿ ಕೆಟ್ಟ ಎಚ್‌ರಾಸ್ ಪ್ರತಿಯ ಪಾಲು ಆರೋಗ್ಯವಂತ ಪ್ರತಿಗಿಂತ ಹೆಚ್ಚಿರುವುದನ್ನು 1991ರಲ್ಲಿ ಗುರುತಿಸಲಾಯಿತು. ಆದರೆ ತಟ್ಟೆಯಲ್ಲಿ ವರ್ಷಗಟ್ಟಲೆ ಬೆಳೆದ ಜೀವಕೋಶಗಳು ಅಲ್ಲಿಯೇ ಹೊಸ ಬದಲಾವಣೆಗಳನ್ನೂ ಕೂಡಿಸಿಕೊಳ್ಳುವುದರಿಂದ, ಅವುಗಳಲ್ಲಿ ಕಂಡದ್ದನ್ನು ಮೂಲ ಗಡ್ಡೆಯೊಡನೆ ತಾಳೆ ನೋಡದೆ ನಂಬುವಂತಿಲ್ಲ.

ಇಲಿಯ ಈ ಪಾಠ 2012ರಲ್ಲಿ ರೋಗಿಗಳ ವಿಷಯದಲ್ಲಿ ನೇರವಾಗಿ ಉಪಯೋಗಕ್ಕೆ ಬಂತು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ಗೆ ವೆಮುರಾಫೆನಿಬ್ ಎಂಬ ಮದ್ದು ತೆಗೆದುಕೊಂಡ ಕೆಲವರ ಚರ್ಮದಲ್ಲಿ ಬೇರೊಂದು ಬಗೆಯ ಗಡ್ಡೆಗಳು ಎದ್ದಾಗ, ಪರೀಕ್ಷಿಸಿದ 35ರಲ್ಲಿ 21 ಗಡ್ಡೆಗಳು ಎಚ್‌ರಾಸ್ ಸೇರಿದ ರಾಸ್ ವಂಶವಾಹಿಗಳ ಗುಂಪಿನಲ್ಲಿ ಉತ್ಪರಿವರ್ತನೆ ಹೊತ್ತಿದ್ದವು; ಹೆಚ್ಚಾಗಿ ಕಂಡದ್ದು ಎಚ್‌ರಾಸಿನ ಅದೇ 61ನೇ ಕೋಡಾನಿನ ಬದಲಾವಣೆ. ಆ ಮದ್ದಿನ ಜಾತಿಯ ಔಷಧವನ್ನು ಇಲಿಗಳಿಗೆ ಕೊಟ್ಟು ನೋಡಿದಾಗ, ಅದು ಉತ್ಪರಿವರ್ತನೆಯನ್ನು ತಾನಾಗಿ ಹುಟ್ಟಿಸದೆ, ಮೊದಲೇ ಅದನ್ನು ಹೊತ್ತಿದ್ದ ಗಡ್ಡೆಗಳ ಬೆಳವಣಿಗೆಯನ್ನು ಚುರುಕುಗೊಳಿಸಿತ್ತು. ಜೊತೆಗೆ ಮೆಕ್ ಎಂಬ ಕಿಣ್ವವನ್ನು ತಡೆಯುವ ಮದ್ದು ಕೊಟ್ಟಾಗ ಆ ಬೆಳವಣಿಗೆ ನಿಂತಿತು.