ಇದು ಹಕ್ಕಳೆ ಅಲ್ಲ, ಉದುರಲಿ ಅಂತ ಕಾಯಬೇಡಿ

ಅಡಿಕೆ ಕೊಯ್ಲು ಶುರುವಾದರೆ ತೀರ್ಥಹಳ್ಳಿ, ಹೊಸನಗರ ಕಡೆ ಮನೆಮನೆಯಲ್ಲೂ ಬೇಯಿಸುವ ಹಂಡೆ ಒಲೆಯೇರುತ್ತದೆ. ಅದರ ಬೆನ್ನಿಗೇ ಆಲೆಮನೆ. ಅಡಿಕೆ ಬೇಯಿಸಿದ ಬಿಸಿ ನೀರು, ಅಂದರೆ ಚೊಗರು, ಚೆಲ್ಲಿದರೆ ಮೈಮೇಲಿಂದ ಹರಿದುಹೋಗುತ್ತದೆ. ಬೆಲ್ಲದ ಪಾಕ ಹಾಗಲ್ಲ, ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಗಾಯ ಆಳಕ್ಕಿಳಿಯುತ್ತದೆ.

ಸುಟ್ಟುಕೊಂಡು ನಾಲ್ಕೈದು ದಿನ ಬಿಟ್ಟು ಆಸ್ಪತ್ರೆಗೆ ಬರುವವರ ಮಾತು ಒಂದೇ. "ಹಕ್ಕಳೆ ಕಟ್ಟಿದೆ ಡಾಕ್ಟ್ರೇ, ನೋವೂ ಇಲ್ಲ. ಉದುರಿದ್ರೆ ಸರಿ ಹೋಗುತ್ತಲ್ವಾ?" ನೋವಿಲ್ಲ ಅಂದಕೂಡಲೇ ನನಗೆ ಆತಂಕ.

ಹಕ್ಕಳೆ ಅಂದರೆ ಒಣಗಿದ ರಕ್ತ, ರಸಿಗೆ. ಅದರಡಿ ಹೊಸ ಚರ್ಮ ಬರುತ್ತಿರುತ್ತದೆ. ಆಳದ ಸುಟ್ಟಗಾಯದ ಮೇಲಿರುವುದು ಸತ್ತ ಚರ್ಮವೇ. ಇದನ್ನು ಎಸ್ಕಾರ್ ಅನ್ನುತ್ತೇವೆ. ಕಪ್ಪಗೋ ಕಂದಾಗೋ, ಕೆಲವೊಮ್ಮೆ ಬಿಳಿಚಿಕೊಂಡೋ ಇರುತ್ತದೆ. ಮುಟ್ಟಿದರೆ ಹಳೇ ಚಪ್ಪಲಿ ತೊಗಲಿನಷ್ಟು ಗಡಸು. ನರದ ತುದಿಗಳೂ ಸುಟ್ಟಿರುವುದರಿಂದ ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ. ಅದರಡಿ ರೋಗಾಣು ಬೆಳೆಯುತ್ತವೆ. ರಕ್ತ ಓಡಾಡದ ಜಾಗಕ್ಕೆ ನುಂಗಿದ ಮಾತ್ರೆ ಸರಿಯಾಗಿ ತಲುಪುವುದೂ ಇಲ್ಲ. ಹಾಗಾಗಿ ಅದನ್ನು ಪದರ ಪದರವಾಗಿ ಕೆತ್ತಿ ತೆಗೆಯಬೇಕು. ಅದೇ ಡಿಬ್ರೈಡ್‌ಮೆಂಟ್. ಕೆಳಗಿನಿಂದ ಸಣ್ಣ ಸಣ್ಣ ರಕ್ತದ ಹನಿ ಜಿನುಗಿದರೆ ಜೀವ ಇರುವ ಪದರ ಸಿಕ್ಕಿತು ಅಂತ. ಆಮೇಲೆ ತೊಡೆಯಿಂದ ತೆಳು ಚರ್ಮ ತೆಗೆದು ಕಸಿ.

ಕೈಯೋ ಕಾಲೋ ಸುತ್ತಲೂ ಸುಟ್ಟಿದ್ದರಂತೂ ಕಾಯುವ ಹಾಗೇ ಇಲ್ಲ. ಒಳಗೆ ಊತ ಏರುತ್ತದೆ, ಎಸ್ಕಾರ್ ಹಿಗ್ಗುವುದಿಲ್ಲ. ರಕ್ತನಾಳ ಅದುಮಿ ಹೋಗುತ್ತದೆ. ಉಗುರು ಒತ್ತಿ ಬಿಡಿ, 2 ಸೆಕೆಂಡಿನೊಳಗೆ ಕೆಂಪು ಮರಳಬೇಕು. ಬೆರಳು ತಣ್ಣಗಾಗಿ ಬಿಳಿಚಿದ್ದರೆ ಎಸ್ಕಾರನ್ನು ಉದ್ದಕ್ಕೆ ಸೀಳುತ್ತೇವೆ. ಹೆಸರು ಎಸ್ಕರಾಟಮಿ. ಸುಟ್ಟ ಕೈಯನ್ನೇ ಮತ್ತೆ ಕೊಯ್ಯುತ್ತಾರಲ್ಲ ಅಂತ ಮನೆಯವರಿಗೆ ಗಾಬರಿ, ಸಹಜವೇ. ಆದರೆ ಬ್ಲೇಡು ಸಾಗಿದಂತೆ ಸೀಳು ತಾನಾಗಿ ಬಾಯಿಬಿಡುತ್ತದೆ, ಬೆರಳಿಗೆ ಬಣ್ಣ ಬರುತ್ತದೆ. ತಡವಾದರೆ ಬೆರಳೇ ಹೋಗಬಹುದು.

ಸಿಲ್ವರ್ ಸಲ್ಫಡಯಾಜಿನ್ ಅನ್ನುವ ಬಿಳಿ ಮುಲಾಮು ಹಚ್ಚಿದಾಗಲೂ ಹಳದಿ-ಬೂದು ಪೊರೆ ಕಟ್ಟುತ್ತದೆ. ಅದು ಎಸ್ಕಾರ್ ಅಲ್ಲ, ಮುಲಾಮು ಮತ್ತು ರಸಿಗೆ ಸೇರಿ ಆದದ್ದು. ಡ್ರೆಸಿಂಗ್ ಮಾಡುವವರು ತೆಗೆಯುತ್ತಾರೆ. ಮನೇಲಿ ಸುಮ್ನೆ ಕೆರೆಯಬೇಡಿ.

ಸುಟ್ಟ ತಕ್ಷಣ ಬೇಕಾದ್ದು 20 ನಿಮಿಷ ಹರಿಯುವ ನೀರು. ಗುಡ್ಡದಿಂದ ಹರಿದು ಬರುವ ಅಬ್ಬಿ ನೀರಿನ ಪೈಪಿದ್ದರೆ ಇನ್ನೇನು ಬೇಕು! ಊತ ಬರುವ ಮುಂಚೆ ಬಳೆ, ಉಂಗುರ ಕಳಚಿ. ಟೂತ್‌ಪೇಸ್ಟ್, ಅರಿಶಿನ ಬೇಡ, ಅವುಗಳಡಿ ಗಾಯದ ಆಳವೇ ನಮಗೆ ಕಾಣುವುದಿಲ್ಲ. ಬೆಲ್ಲ ಅಂಟಿದ್ದರೆ ಕಿತ್ತು ಎಳೆಯದೆ ನೀರಿನಲ್ಲೇ ಕರಗಲು ಬಿಡಿ.