ಈಸ್ಟ್ರೋಜನ್ ಮತ್ತು ವಯಸ್ಸಿನ ಲೆಕ್ಕ

ಮುಟ್ಟು ನಿಂತಿತೆಂದರೆ ಹೆರಿಗೆಯ ವಯಸ್ಸು ಮುಗಿಯಿತು, ತಿಂಗಳ ತಾಪತ್ರಯವೂ ತಪ್ಪಿತು ಎಂದಷ್ಟೇ ಭಾವಿಸುವುದು ನಮ್ಮಲ್ಲಿ ರೂಢಿ. ಆದರೆ ಆ ಹೊತ್ತಿಗೆ ಕಡಿಮೆಯಾಗುವ ಈಸ್ಟ್ರೋಜನ್ ಎಂಬ ಹಾರ್ಮೋನಿಗೆ ಗರ್ಭಕೋಶದಲ್ಲಿ ಮಾತ್ರವಲ್ಲ, ಮೂಳೆ, ಮಿದುಳು, ರಕ್ತನಾಳ, ಚರ್ಮ ಮತ್ತು ಮೂತ್ರನಾಳದಲ್ಲೂ ಕೆಲಸವಿತ್ತು. ಹೀಗಾಗಿ ಅದು ಎಷ್ಟು ಕಡಿಮೆಯಾಯಿತು ಎಂಬುದರಷ್ಟೇ, ಯಾವ ವಯಸ್ಸಿನಲ್ಲಿ ಕಡಿಮೆಯಾಯಿತು ಎಂಬುದೂ ಮುಖ್ಯವಾಗುತ್ತದೆ. ಸಂಶೋಧಕರಿಗೆ ಈ ವಯಸ್ಸಿನ ಲೆಕ್ಕ ಮನದಟ್ಟಾಗಲು ಬಹಳ ಕಾಲ ಹಿಡಿಯಿತು.

1923ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ ಎಡ್ಗರ್ ಆಲನ್ ಮತ್ತು ಎಡ್ವರ್ಡ್ ಡಾಯ್ಸಿ ಅವರು, ಹಂದಿಯ ಅಂಡಾಶಯದಿಂದ ತೆಗೆದ ದ್ರವವನ್ನು ಅಂಡಾಶಯವಿಲ್ಲದ ಇಲಿಗಳಿಗೆ ಚುಚ್ಚಿದಾಗ ಅವು ಮತ್ತೆ ಬೆದೆಗೆ ಬರುವುದನ್ನು ತೋರಿಸಿದರು. 1929ರಲ್ಲಿ ಡಾಯ್ಸಿ ಅವರೂ ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಅವರೂ ಬೇರೆ ಬೇರೆಯಾಗಿ ಗರ್ಭಿಣಿಯರ ಮೂತ್ರದಿಂದ ಈಸ್ಟ್ರೋನನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಈಸ್ಟ್ರೋಜನ್ ಎಂಬುದು ಒಂದೇ ವಸ್ತುವಲ್ಲ. ಈಸ್ಟ್ರೋನ್, ಈಸ್ಟ್ರಡಯಾಲ್, ಈಸ್ಟ್ರಿಯಾಲ್ ಮುಂತಾದವುಗಳ ಒಂದು ಕುಟುಂಬ. ಇವುಗಳಲ್ಲಿ ಪ್ರಬಲವಾದದ್ದು ಈಸ್ಟ್ರಡಯಾಲ್. ಮುಟ್ಟಾಗುವ ವರ್ಷಗಳಲ್ಲಿ ಅದರ ಬಹುಪಾಲು ಅಂಡಾಶಯದಲ್ಲಿ, ಬೆಳೆಯುತ್ತಿರುವ ಅಂಡದ ಸುತ್ತಲಿನ ಜೀವಕೋಶಗಳಲ್ಲಿ ತಯಾರಾಗುತ್ತದೆ.

ಅಂಡವನ್ನೂ ಅದನ್ನು ಸುತ್ತುವರಿದ ಕೋಶಗಳನ್ನೂ ಸೇರಿಸಿ ಅಂಡಕೋಶಿಕೆ ಎನ್ನುತ್ತಾರೆ. ಹೆಣ್ಣುಮಗು ಹುಟ್ಟುವಾಗ ಅದರ ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಅಂಡಕೋಶಿಕೆಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಉಳಿಯುವುದು ಮೂರು ನಾಲ್ಕು ಲಕ್ಷ. ಇಡೀ ಜೀವಮಾನದಲ್ಲಿ ನಾನೂರು ಐನೂರು ಮಾತ್ರ ಪಕ್ವವಾಗಿ ಅಂಡವನ್ನು ಬಿಡುಗಡೆ ಮಾಡುತ್ತವೆ, ಮಿಕ್ಕವು ಸದ್ದಿಲ್ಲದೆ ಬತ್ತಿಹೋಗುತ್ತವೆ. ಸಂಗ್ರಹ ಒಂದು ಸಾವಿರದ ಆಸುಪಾಸಿಗೆ ಇಳಿದಾಗ ಮುಟ್ಟು ನಿಲ್ಲುತ್ತದೆ. ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ವೈದ್ಯರು ಅದನ್ನು ಋತುಬಂಧ ಎಂದು ನಿರ್ಧರಿಸುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಇದರ ಸರಾಸರಿ ವಯಸ್ಸು 51; ಭಾರತದಲ್ಲಿ 46-47, ಅಂದರೆ ನಾಲ್ಕೈದು ವರ್ಷ ಮೊದಲೇ.

ಈ ಇಳಿಕೆ ಮೆಟ್ಟಿಲು ಇಳಿದಂತೆ ಕ್ರಮಬದ್ಧವಾಗಿ ನಡೆಯುವುದಿಲ್ಲ. ಮುಟ್ಟು ನಿಲ್ಲುವ ಮೊದಲಿನ ಕೆಲವು ವರ್ಷಗಳಲ್ಲಿ ಈಸ್ಟ್ರಡಯಾಲ್ ಒಂದು ತಿಂಗಳು ಮಾಮೂಲಿಗಿಂತ ಮೇಲಕ್ಕೇರಿ, ಮುಂದಿನ ತಿಂಗಳು ಕುಸಿಯಬಹುದು. ಅತಿಯಾದ ರಕ್ತಸ್ರಾವ, ನಿದ್ರೆಗೇಡು, ಕಾರಣವಿಲ್ಲದ ಸಿಡುಕು ಹೆಚ್ಚಾಗಿ ಕಾಣಿಸಿಕೊಳ್ಳುವುದು ಈ ಏರಿಳಿತದ ಕಾಲದಲ್ಲಿಯೇ. ನಲವತ್ತೈದು ದಾಟಿದವರಲ್ಲಿ ಒಂದು ದಿನದ ರಕ್ತಪರೀಕ್ಷೆಯ ಅಂಕಿಯನ್ನು ನಂಬಿ ತೀರ್ಮಾನಕ್ಕೆ ಬರುವುದು ಕಷ್ಟವಾಗುವುದೂ ಇದರಿಂದಲೇ.

ಇದ್ದಕ್ಕಿದ್ದಂತೆ ಎದೆ, ಕತ್ತು, ಮುಖಕ್ಕೆ ಕಾವು ಏರಿ, ಬೆವರು ಸುರಿದು, ಕೆಲವು ನಿಮಿಷಗಳಲ್ಲಿ ಚಳಿ ಹಿಡಿಸಿ ಹೋಗುವ ಅನುಭವಕ್ಕೆ ಹಾಟ್ ಫ್ಲಾಶ್ ಎಂಬ ಹೆಸರಿದೆ. ಇದನ್ನು ಮನಸ್ಸಿನ ಕಲ್ಪನೆ ಎಂದು ತಳ್ಳಿಹಾಕಿದ ಕಾಲವೂ ಇತ್ತು. 1990ರ ದಶಕದ ಆರಂಭದಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ನವೋಮಿ ರಾನ್ಸ್ ಅವರು, ಋತುಬಂಧ ದಾಟಿದ ಹೆಂಗಸರ ಮಿದುಳಿನ ಹೈಪೊಥಲಾಮಸ್ ಭಾಗದಲ್ಲಿ ಒಂದು ಬಗೆಯ ನರಕೋಶಗಳು ಹಿಗ್ಗಿರುವುದನ್ನು ಗುರುತಿಸಿದರು. ಈಸ್ಟ್ರೋಜನ್ ಇರುವವರೆಗೆ ಈ ಕೋಶಗಳು ಹತೋಟಿಯಲ್ಲಿರುತ್ತವೆ. ಅದು ಹಿಂದೆಗೆದಾಗ ಇವು ನ್ಯೂರೋಕೈನಿನ್ ಬಿ ಎಂಬ ರಾಸಾಯನಿಕವನ್ನು ಧಾರಾಳವಾಗಿ ಸ್ರವಿಸಿ, ಮೈಯ ಉಷ್ಣತೆಯನ್ನು ಕಾಯುವ ಕೇಂದ್ರವನ್ನು ಕೆಣಕುತ್ತವೆ. ಹೊರಗೆ ಸೆಖೆಯೇ ಇಲ್ಲದಿದ್ದರೂ ದೇಹ ತಣಿಯಲು ಹೊರಟು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬೆವರುತ್ತದೆ. ಈ ರಾಸಾಯನಿಕದ ಕೆಲಸವನ್ನು ತಡೆಯುವ ಫೆಜೋಲಿನೆಟಂಟ್ ಎಂಬ ಮಾತ್ರೆಗೆ 2023ರಲ್ಲಿ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು. ಅದು ಹಾರ್ಮೋನಲ್ಲ, ಆದರೆ ಅಪರೂಪಕ್ಕೆ ಯಕೃತ್ತಿಗೆ ತೊಂದರೆ ಮಾಡುವುದರಿಂದ ಸೇವಿಸುವವರು ರಕ್ತಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು.

ಹಾಟ್ ಫ್ಲಾಶ್ ಕೆಲವು ವರ್ಷ ಕಾಡಿ ಸಾಮಾನ್ಯವಾಗಿ ತಗ್ಗುತ್ತದೆ. ಯೋನಿಯ ಒಣಗುವಿಕೆ, ಉರಿ, ಪದೇ ಪದೇ ಬರುವ ಮೂತ್ರದ ಸೋಂಕು ಮಾತ್ರ ತಾವಾಗಿ ಹೋಗುವುದಿಲ್ಲ. ಈಸ್ಟ್ರೋಜನ್ ಇದ್ದಾಗ ಯೋನಿಯ ಒಳಪದರ ದಪ್ಪಗಿದ್ದು, ಅಲ್ಲಿ ನೆಲೆಸಿದ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಆಮ್ಲೀಯ ವಾತಾವರಣವನ್ನು ಉಳಿಸಿಕೊಂಡು ಸೋಂಕನ್ನು ದೂರವಿಡುತ್ತವೆ. ಅದು ಹೋದಾಗ ಈ ರಕ್ಷಣೆಯೂ ಹೋಗುತ್ತದೆ. ಇದಕ್ಕೆ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಮುಲಾಮು ಇದೆ. ಅದು ರಕ್ತಕ್ಕೆ ಸೇರುವುದು ಅತ್ಯಲ್ಪ. ಸಂಕೋಚದಿಂದ ಬಾಯಿಬಿಡದೆ ವರ್ಷಾನುಗಟ್ಟಲೆ ಆ್ಯಂಟಿಬಯೋಟಿಕ್ ನುಂಗುವವರ ಬವಣೆ ಎಷ್ಟೋ ಬಾರಿ ಇದರಿಂದಲೇ ತಗ್ಗುತ್ತದೆ.

ಮೂಳೆಯ ವಿಷಯ ಇನ್ನೂ ಗಂಭೀರ, ಏಕೆಂದರೆ ಅಲ್ಲಿ ನಷ್ಟವಾಗುವುದು ಗೊತ್ತೇ ಆಗುವುದಿಲ್ಲ. ಮೂಳೆಯಲ್ಲಿ ಹಳೆಯದನ್ನು ಕರಗಿಸುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಸದಾ ಕೆಲಸದಲ್ಲಿರುತ್ತವೆ. ಕರಗಿಸುವ ಕೋಶಗಳಿಗೆ ಕಡಿವಾಣ ಹಾಕುವುದು ಈಸ್ಟ್ರೋಜನ್. ಆದ್ದರಿಂದ ಮುಟ್ಟು ನಿಂತ ಮೊದಲ ಐದಾರು ವರ್ಷಗಳಲ್ಲಿ ಮೂಳೆಯ ಸಾಂದ್ರತೆ ಶೇ. 10ರಿಂದ 20ರವರೆಗೂ ಕುಸಿಯಬಹುದು. ಈ ಹಾರ್ಮೋನಿಗೆ ಮೂಳೆಯ ಮೇಲಿರುವ ಹಿಡಿತ ಎಂಥದ್ದೆಂದು ಸ್ಪಷ್ಟವಾಗಿ ತೋರಿಸಿಕೊಟ್ಟದ್ದು, ವಿಚಿತ್ರವೆಂದರೆ, ಒಬ್ಬ ಗಂಡಸು. 1994ರಲ್ಲಿ ವರದಿಯಾದ 28 ವರ್ಷದ ಆ ವ್ಯಕ್ತಿಯ ದೇಹದಲ್ಲಿ ಈಸ್ಟ್ರೋಜನ್ ಇದ್ದರೂ ಅದನ್ನು ಗ್ರಹಿಸುವ ಪ್ರೋಟೀನಿನ ಜೀನು ಕೆಟ್ಟಿತ್ತು. ಆತ 204 ಸೆಂಟಿಮೀಟರ್ ಎತ್ತರವಿದ್ದ, ಇನ್ನೂ ಬೆಳೆಯುತ್ತಲೇ ಇದ್ದ, ಮೂಳೆಗಳು ಮಾತ್ರ ಸವೆದಿದ್ದವು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ, ಮುದ್ದೆ ಉಣ್ಣುವುದು ಒಳ್ಳೆಯದೇ. ಆದರೆ ಕರಗಿಸುವ ಕೋಶಗಳ ಮೇಲಿನ ಕಡಿವಾಣ ತಪ್ಪಿದಾಗ ಊಟವೊಂದರಿಂದಲೇ ಆ ನಷ್ಟವನ್ನು ತುಂಬಲಾಗದು.

ಹಾಗಾದರೆ ಹೋದ ಈಸ್ಟ್ರೋಜನನ್ನು ಹೊರಗಿನಿಂದ ಕೊಡಬಾರದೇಕೆ? ಗಬ್ಬದ ಕುದುರೆಗಳ ಮೂತ್ರದಿಂದ ತಯಾರಿಸಿದ ಪ್ರೆಮರಿನ್ ಎಂಬ ಮಾತ್ರೆ 1942ರಲ್ಲೇ ಅಮೆರಿಕದ ಮಾರುಕಟ್ಟೆಗೆ ಬಂದಿತ್ತು. ಈಸ್ಟ್ರೋಜನ್ ಒಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚುತ್ತದೆಂದು 1975ರಲ್ಲಿ ತಿಳಿದುಬಂದ ಮೇಲೆ, ಗರ್ಭಕೋಶವಿರುವವರಿಗೆ ಆ ಒಳಪದರವನ್ನು ಕಾಯುವ ಪ್ರೊಜೆಸ್ಟೋಜನ್ ಎಂಬ ಇನ್ನೊಂದು ಬಗೆಯ ಹಾರ್ಮೋನನ್ನು ಜೊತೆಗೂಡಿಸುವ ಪದ್ಧತಿ ಬಂತು. ಈ ಜೋಡಿ ಔಷಧವನ್ನು 16,608 ಮಹಿಳೆಯರಲ್ಲಿ ಪರೀಕ್ಷಿಸುತ್ತಿದ್ದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಅಧ್ಯಯನವನ್ನು 2002ರ ಜುಲೈಯಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಸ್ತನ ಕ್ಯಾನ್ಸರ್ ಶೇ. 26ರಷ್ಟು ಹೆಚ್ಚು ಎಂಬ ಸುದ್ದಿ ಜಗತ್ತಿನಾದ್ಯಂತ ಹರಡಿ, ಲಕ್ಷಾಂತರ ಮಂದಿ ಮಾತ್ರೆ ಬಿಟ್ಟರು. ಅದೇ ಫಲಿತಾಂಶವನ್ನು ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ವರ್ಷಕ್ಕೆ ಹತ್ತು ಸಾವಿರ ಮಹಿಳೆಯರಲ್ಲಿ ಎಂಟು ಹೆಚ್ಚುವರಿ ಪ್ರಕರಣಗಳು. ಎರಡೂ ನಿಜವೇ, ಆದರೆ ಭಯ ಹುಟ್ಟಿಸುವ ಶಕ್ತಿ ಎರಡಕ್ಕೂ ಒಂದೇ ಅಲ್ಲ.

ಇದಕ್ಕಿಂತ ಮುಖ್ಯವಾದ ವಿವರ ಆ ಗದ್ದಲದಲ್ಲಿ ಮರೆಯಾಯಿತು. ಭಾಗವಹಿಸಿದವರ ಸರಾಸರಿ ವಯಸ್ಸು 63. ಎಂದರೆ ಅವರಲ್ಲಿ ಬಹುತೇಕರು ಈಸ್ಟ್ರೋಜನ್ ಕಳೆದುಕೊಂಡು ಹತ್ತು ವರ್ಷ ಕಳೆದ ಮೇಲೆ, ರಕ್ತನಾಳಗಳಲ್ಲಿ ಆಗಲೇ ಕೊಬ್ಬು ಗಟ್ಟಿಯಾಗುವ ವಯಸ್ಸಿನಲ್ಲಿ ಔಷಧ ಆರಂಭಿಸಿದವರು. ಅಂಕಿಅಂಶಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸಿ ನೋಡಿದಾಗ, ಅರವತ್ತರ ಒಳಗೆ ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ ಆರಂಭಿಸಿದವರ ಚಿತ್ರ ಬಹಳಷ್ಟು ಸೌಮ್ಯವಾಗಿತ್ತು. ಗರ್ಭಕೋಶವಿಲ್ಲದ 10,739 ಮಹಿಳೆಯರಿಗೆ ಈಸ್ಟ್ರೋಜನ್ ಮಾತ್ರ ಕೊಟ್ಟ ಇನ್ನೊಂದು ಭಾಗದಲ್ಲಿ ಪಾರ್ಶ್ವವಾಯು ಹೆಚ್ಚಿದರೂ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ಹಾಗೆಂದು ಈ ಚಿಕಿತ್ಸೆ ಎಲ್ಲರಿಗೂ ಸಲ್ಲದು. ಸ್ತನ ಕ್ಯಾನ್ಸರ್ ಆಗಿದ್ದವರು, ರಕ್ತ ಹೆಪ್ಪುಗಟ್ಟುವ ತೊಂದರೆ ಅಥವಾ ಯಕೃತ್ತಿನ ಕಾಯಿಲೆ ಇರುವವರು, ಕಾರಣ ತಿಳಿಯದ ರಕ್ತಸ್ರಾವವಿರುವವರು ಸಾಮಾನ್ಯವಾಗಿ ಇದರಿಂದ ದೂರವಿರಬೇಕಾಗುತ್ತದೆ.

ಕರ್ನಾಟಕದ ಮಟ್ಟಿಗೆ ಈ ವಯಸ್ಸಿನ ಲೆಕ್ಕ ತಪ್ಪುವುದು ಮತ್ತೊಂದು ಕಡೆಯಿಂದ. 2015ರ ಆಸುಪಾಸಿನಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ, ಹೊಟ್ಟೆನೋವು, ಬಿಳಿಸೆರಗು ಎಂದು ಆಸ್ಪತ್ರೆಗೆ ಹೋದ ಚಿಕ್ಕ ವಯಸ್ಸಿನ ಹೆಂಗಸರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದ ಪ್ರಕರಣಗಳು ಬೆಳಕಿಗೆ ಬಂದವು. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ವಿಷಯದಲ್ಲೂ ಇಂಥದ್ದೇ ಸುದ್ದಿಯಾಯಿತು. ಅನಗತ್ಯ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಅಳವಡಿಸಿಕೊಳ್ಳುವಂತೆ 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸೂಚಿಸಿತು. ಗರ್ಭಕೋಶವನ್ನಷ್ಟೇ ತೆಗೆದು ಅಂಡಾಶಯಗಳನ್ನು ಉಳಿಸಿದರೆ ಈಸ್ಟ್ರೋಜನ್ ಉತ್ಪತ್ತಿ ಮುಂದುವರಿಯುತ್ತದೆ, ಆದರೂ ಅದು ವಾಡಿಕೆಗಿಂತ ಬೇಗ ನಿಲ್ಲುವ ಸಂಭವವಿದೆ. ಎರಡೂ ಅಂಡಾಶಯಗಳನ್ನು ತೆಗೆದರೆ ಮಾತ್ರ ಮೂವತ್ತೈದರ ಹೆಣ್ಣು ಕೆಲವೇ ದಿನಗಳಲ್ಲಿ ಋತುಬಂಧಕ್ಕೆ ಒಳಗಾಗುತ್ತಾಳೆ. ಹೃದ್ರೋಗ, ಮೂಳೆ ಸವೆತ, ಮರೆವಿನ ಅಪಾಯಗಳು ಇಂಥವರಲ್ಲಿ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. 2002ರ ಭಯ ಇವರಿಗೆ ಅನ್ವಯಿಸುವುದೇ ಇಲ್ಲ. ಬೇರೆ ಅಡ್ಡಿಯಿಲ್ಲದಿದ್ದರೆ, ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗೆ ಇವರಿಗೆ ಈಸ್ಟ್ರೋಜನ್ ಕೊಡಬೇಕೆಂದೇ ತಜ್ಞರ ಮಾರ್ಗಸೂಚಿಗಳು ಹೇಳುತ್ತವೆ. ಶಸ್ತ್ರಚಿಕಿತ್ಸೆಯಾದ ಅನೇಕರಿಗೆ ತಮ್ಮ ಅಂಡಾಶಯಗಳು ಉಳಿದಿವೆಯೇ ಎಂಬುದೇ ಗೊತ್ತಿರುವುದಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಅದು ಬರೆದಿರುತ್ತದೆ. ಚೀಟಿ ಕಳೆದುಹೋಗಿದ್ದರೆ ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಯ ನೆರವಿನಿಂದ ವೈದ್ಯರು ತಿಳಿದುಕೊಳ್ಳಬಲ್ಲರು.