ಮಾರ್ಮನ್ ಗ್ರಂಥ: ಪಾಠಾಂತರಗಳ ಪ್ರಶ್ನೆಯೇ ಬೇರೆ, ಪ್ರಾಚೀನತೆಯ ಪ್ರಶ್ನೆಯೇ ಬೇರೆ

ಗ್ರಂಥಸಂಪಾದನೆಯಲ್ಲಿ ತೊಡಗಿರುವವರಿಗೆ ಪಾಠಾಂತರಗಳು, ಅಂದರೆ ಒಂದೇ ಗ್ರಂಥದ ಬೇರೆ ಬೇರೆ ಪ್ರತಿಗಳಲ್ಲಿನ ವ್ಯತ್ಯಾಸಗಳು, ದಿನನಿತ್ಯದ ವ್ಯವಹಾರ. ಆದರೆ ಅವು ಒಂದು ಧರ್ಮಗ್ರಂಥದಲ್ಲಿ ಕಂಡುಬಂದರೆ ಚರ್ಚೆ ಬೇಗನೆ ದಾರಿ ತಪ್ಪುತ್ತದೆ. ಅಮೆರಿಕದಲ್ಲಿ ನೆಲೆಸಿದ್ದ ಪ್ರಾಚೀನ ಜನರ ದಾಖಲೆಯೆಂದು ಮಾರ್ಮನ್ ಚರ್ಚಿನವರು ನಂಬುವ ಮಾರ್ಮನ್ ಗ್ರಂಥವನ್ನು ಮುದ್ರಣದಿಂದ ಮುದ್ರಣಕ್ಕೆ ತಿದ್ದಿರುವುದರಿಂದ ಅದು ಕಟ್ಟುಕತೆ ಎನ್ನುವವರಿದ್ದಾರೆ; ತಿದ್ದುಪಡಿಗಳಲ್ಲಿ ಹೆಚ್ಚಿನವು ಕಾಗುಣಿತ, ವ್ಯಾಕರಣಗಳಿಗೆ ಸೇರಿದವಾದ್ದರಿಂದ ಅದರ ಪ್ರಾಚೀನತೆಗೆ ಧಕ್ಕೆಯಿಲ್ಲ ಎಂದು ಅಲ್ಲಿಗೇ ಮಾತು ಮುಗಿಸುವವರೂ ಇದ್ದಾರೆ. ಎರಡು ವಾದಗಳೂ ಒಂದು ಪ್ರಶ್ನೆಯ ಉತ್ತರವನ್ನು ಇನ್ನೊಂದಕ್ಕೆ ಅಂಟಿಸುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ ಬಳಿಯ ಬೆಟ್ಟವೊಂದರಲ್ಲಿ ತನಗೆ ಚಿನ್ನದ ತಗಡುಗಳು ದೊರೆತವೆಂದೂ, ಅವುಗಳ ಬರಹವನ್ನು ದೈವಬಲದಿಂದ ಅನುವಾದಿಸಿದೆನೆಂದೂ ಆ ಚರ್ಚಿನ ಸ್ಥಾಪಕ ಜೋಸೆಫ್ ಸ್ಮಿತ್ ಹೇಳಿದನು. ಈಗಿರುವ ಪಠ್ಯದ ಬಹುಭಾಗವನ್ನು ಅವನು 1829ರಲ್ಲಿ ಬಾಯಲ್ಲಿ ಹೇಳಿ ಬರೆಸಿದನು. ಮುಖ್ಯ ಲಿಪಿಕಾರ ಆಲಿವರ್ ಕೌಡರಿ. ಆ ಮೂಲ ಹಸ್ತಪ್ರತಿಯನ್ನು ನೋಡಿ ಮುದ್ರಣಾಲಯಕ್ಕಾಗಿ ಮತ್ತೊಂದು ಪ್ರತಿಯನ್ನು ಸಿದ್ಧಪಡಿಸಲಾಯಿತು. ಗ್ರ್ಯಾಂಡಿನ್ ಎಂಬವನ ಮುದ್ರಣಾಲಯದಲ್ಲಿ 1830ರಲ್ಲಿ 5,000 ಪ್ರತಿಗಳು ಅಚ್ಚಾದವು. ಅದರ 3,000 ಡಾಲರ್ ವೆಚ್ಚಕ್ಕೆ ಮಾರ್ಟಿನ್ ಹ್ಯಾರಿಸ್ ತನ್ನ ಹೊಲವನ್ನೇ ಅಡವಿಟ್ಟನು. ಹಸ್ತಪ್ರತಿಯಲ್ಲಿ ಲೇಖನಚಿಹ್ನೆಗಳು ಇರಲಿಲ್ಲವೆನ್ನುವಷ್ಟು ವಿರಳವಾಗಿದ್ದವು. ಮೊದಲ ಮುದ್ರಣದ ವಾಕ್ಯಗಳು ಎಲ್ಲಿ ನಿಲ್ಲಬೇಕೆಂಬುದನ್ನು ಬಹುಪಾಲು ತೀರ್ಮಾನಿಸಿದವನು ಅಚ್ಚುಮೊಳೆ ಜೋಡಿಸಿದ ಜಾನ್ ಗಿಲ್ಬರ್ಟ್.

1837ರ ಎರಡನೆಯ ಮುದ್ರಣಕ್ಕಾಗಿ ಸ್ಮಿತ್ ತಾನೇ ನೂರಾರು ಕಡೆ ವ್ಯಾಕರಣ ತಿದ್ದಿದನು. ಜೊತೆಗೆ ಅರ್ಥಕ್ಕೆ ಸಂಬಂಧಿಸಿದ ಬದಲಾವಣೆಗಳೂ ಆದವು. ಮರಿಯಳನ್ನು ‘ದೇವರ ತಾಯಿ’ ಎಂದಿದ್ದ ಕಡೆ ‘ದೇವರ ಮಗನ ತಾಯಿ’ ಎಂದಾಯಿತು. ಕಥೆಯ ಕಾಲಕ್ರಮದಂತೆ ಆಗಲೇ ಸತ್ತಿರಬೇಕಾದ ಬೆಂಜಮಿನ್ ರಾಜನ ಹೆಸರಿದ್ದ ಒಂದು ಕಡೆ ಅವನ ಮಗ ಮೊಸಾಯನ ಹೆಸರು ಬಂತು. ಇನ್ನೊಂದು ತಿದ್ದುಪಡಿಯ ಚರಿತ್ರೆಯನ್ನು ಪ್ರತಿಯೊಬ್ಬ ಸಂಪಾದಕನೂ ಗಮನಿಸಬೇಕು. ಮುಂದೆ ಪಶ್ಚಾತ್ತಾಪಪಡುವ ಜನ ‘ಬಿಳಿಯರೂ ಮನೋಹರರೂ’ ಆಗುವರೆಂಬ ಮಾತನ್ನು 1840ರ ಮುದ್ರಣ ‘ಶುದ್ಧರೂ ಮನೋಹರರೂ’ ಎಂದು ಬದಲಿಸಿತು. ಆದರೆ 1841ರ ಲಿವರ್‌ಪೂಲ್ ಮುದ್ರಣ 1837ರ ಪಾಠವನ್ನು ಆಧರಿಸಿತ್ತು, ಯೂಟಾದಲ್ಲಿ ಕೇಂದ್ರವಿರುವ ಮಾರ್ಮನ್ ಚರ್ಚಿನ ನಂತರದ ಮುದ್ರಣಗಳು ಆ ಶಾಖೆಯಿಂದಲೇ ಬಂದವು. ಹೀಗಾಗಿ ‘ಬಿಳಿಯರು’ ಎಂಬ ಪಾಠ 1981ರವರೆಗೂ ಉಳಿಯಿತು. ಯಾವ ಪ್ರತಿಯಿಂದ ಯಾವ ಪ್ರತಿ ಹುಟ್ಟಿತೆಂಬುದನ್ನು ನೋಡದಿದ್ದರೆ 1981ರ ಬದಲಾವಣೆ ಕೇವಲ ಕಾಲಕ್ಕೆ ತಕ್ಕ ತೇಪೆಯಂತೆ ಕಾಣುತ್ತದೆ.

ಮೂಲ ಹಸ್ತಪ್ರತಿಯನ್ನು 1841ರಲ್ಲಿ ಇಲಿನಾಯ್ ರಾಜ್ಯದ ‘ನಾವೂ’ ಎಂಬ ಪಟ್ಟಣದ ಕಟ್ಟಡವೊಂದರ ಮೂಲೆಗಲ್ಲಿನೊಳಗೆ ಇರಿಸಲಾಗಿತ್ತು. 1882ರಲ್ಲಿ ಹೊರತೆಗೆದಾಗ ನೀರಿನಿಂದ ಬಹುಪಾಲು ಹಾಳಾಗಿತ್ತು. ಇಂದು ಉಳಿದಿರುವುದು ಸುಮಾರು 28 ಪ್ರತಿಶತ. ಅದರಲ್ಲಿ ಒಂದು ಕಡೆ ಕೌಡರಿ ಒಂದು ವಿಚಿತ್ರ ಹೆಸರನ್ನು ಕಿವಿಗೆ ಬಿದ್ದಂತೆ ‘ಕೊರಿಯಾಂಟಮ್ಮರ್’ ಎಂದು ಬರೆದು, ಕೂಡಲೇ ಹೊಡೆದುಹಾಕಿ, ಕೊನೆಯಲ್ಲಿ ಸ್ವರವೇ ಇಲ್ಲದ ‘ಕೊರಿಯಾಂಟಮ್ರ್’ ಎಂಬ ಕಾಗುಣಿತವನ್ನು ಬರೆದಿದ್ದಾನೆ. ಪಠ್ಯವನ್ನು ಹೇಳಿ ಬರೆಸಲಾಯಿತು, ಬೇಕಾದಲ್ಲಿ ಅಕ್ಷರ ಬಿಡಿಸಿ ಹೇಳಲಾಯಿತು ಎಂಬುದಕ್ಕೆ ಇದು ಬಲವಾದ ಸಾಕ್ಷ್ಯ. 1988ರಿಂದ ಈ ಪಠ್ಯದ ವಿಮರ್ಶಾತ್ಮಕ ಸಂಪಾದನೆಗೆ ತೊಡಗಿದ ರಾಯಲ್ ಸ್ಕೌಸನ್ ಇಂಥ ಕುರುಹುಗಳನ್ನು ಸಾಲುಸಾಲಾಗಿ ದಾಖಲಿಸಿದ್ದಾರೆ. ಸ್ವತಃ ಶ್ರದ್ಧಾವಂತರಾದ ಅವರ ಶ್ರಮಕ್ಕೆ ನನ್ನ ಗೌರವ ದೊಡ್ಡದು.

ಆದರೆ ಹಸ್ತಪ್ರತಿಗಳ ಸಾಕ್ಷ್ಯ ನಮ್ಮನ್ನು 1829ರವರೆಗೆ ಮಾತ್ರ ಕರೆದೊಯ್ಯುತ್ತದೆ. ಅದಕ್ಕಿಂತ ಹಿಂದಿನ ಪ್ರಶ್ನೆಗೆ ಪಠ್ಯದ ಒಳಗನ್ನೇ ನೋಡಬೇಕು, ಅಲ್ಲಿ ಅತ್ಯಂತ ಕಠಿಣವಾದ ತೊಡಕು ಬೈಬಲಿನ ಪ್ರವಾದಿ ಯೆಶಾಯನ ಪುಸ್ತಕದ್ದು. ಮಾರ್ಮನ್ ಗ್ರಂಥದ ಕಥೆಯಂತೆ ಲೇಹಿ ಎಂಬ ಪ್ರವಾದಿಯ ಕುಟುಂಬ ಅಮೆರಿಕಕ್ಕೆ ಹೋಗಲು ಜೆರುಸಲೇಮನ್ನು ಬಿಟ್ಟದ್ದು ಕ್ರಿ.ಪೂ. 600ರ ಸುಮಾರಿಗೆ. ಅವರ ವಂಶದವರು ಬರೆದರೆನ್ನಲಾದ ಗ್ರಂಥದಲ್ಲಿ ಯೆಶಾಯನ ಅಧ್ಯಾಯಕ್ಕೆ ಅಧ್ಯಾಯವೇ, ಬಹುತೇಕ 1611ರ ಇಂಗ್ಲಿಷ್ ಬೈಬಲಿನ ಮಾತುಗಳಲ್ಲಿ, ಬರುತ್ತದೆ; ಹೆಚ್ಚಿನ ಬೈಬಲ್ ವಿದ್ವಾಂಸರು ಲೇಹಿಯ ಪ್ರಯಾಣದ ನಂತರದ ಬಾಬಿಲೋನ್ ಸೆರೆವಾಸಕ್ಕೆ ಸೇರಿಸುವ 48, 49ನೆಯ ಅಧ್ಯಾಯಗಳೂ ಅಲ್ಲಿವೆ. ಯೆಶಾಯನ ಪುಸ್ತಕವೆಲ್ಲ ಒಬ್ಬನದೇ ಎಂಬುದು, ಅನುವಾದಕ್ಕೆ ಓದುಗರಿಗೆ ಪರಿಚಿತವಾದ ಬೈಬಲಿನ ಭಾಷೆಯೇ ಬಂತೆಂಬುದು ಸಮರ್ಥಕರ ಉತ್ತರ. ಮೊದಲನೆಯದನ್ನು ಒಪ್ಪುವ ವಿದ್ವಾಂಸರು ಕಡಿಮೆ. ಎರಡನೆಯದು ಭಾಷೆಗೆ ಸಮಾಧಾನ ಹೇಳುತ್ತದೆಯೇ ಹೊರತು ಕಾಲಕ್ಕಲ್ಲ.

ಕಥೆಯಲ್ಲಿ ಬರುವ ಕುದುರೆ, ಉಕ್ಕು, ಗೋಧಿಗಳು ಕೊಲಂಬಸನಿಗಿಂತ ಹಿಂದಿನ ಅಮೆರಿಕದ ಪುರಾತತ್ವದೊಂದಿಗೆ ಹೊಂದುವುದಿಲ್ಲ. ಯೆಮನ್‌ನ ಮಾರಿಬ್ ಬಳಿ ದೊರೆತ ಬಲಿಪೀಠಗಳ ಶಾಸನದಲ್ಲಿ ಲೇಹಿಯ ಪ್ರಯಾಣದ ಕಥೆಯಲ್ಲಿ ಬರುವ ‘ನಹೋಮ್’ ಎಂಬ ಸ್ಥಳನಾಮದ ವ್ಯಂಜನಗಳೇ ಇವೆ ಎಂದು ಸಮರ್ಥಕರು ತೋರಿಸುತ್ತಾರೆ. ಅದು ಪರಿಶೀಲನೆಗೆ ಅರ್ಹ, ಆದರೆ ಒಂದು ಹೆಸರು ಅಷ್ಟು ಭಾರವನ್ನು ಹೊರಲಾರದು.

ಈ ಚರ್ಚೆಯ ಗುರುತು ಮುದ್ರಣದ ಮೇಲೂ ಬಿದ್ದಿದೆ. ಗ್ರಂಥದಲ್ಲಿ ಹೇಳಿದ ಜನ ಅಮೆರಿಕದ ಮೂಲನಿವಾಸಿಗಳ ‘ಪ್ರಮುಖ ಪೂರ್ವಜರು’ ಎಂದು 1981ರ ಪೀಠಿಕೆ ಹೇಳಿತ್ತು. ಮೂಲನಿವಾಸಿಗಳ ವಂಶಮೂಲ ಏಷ್ಯಾದ್ದೆಂದು ಡಿಎನ್‌ಎ ಅಧ್ಯಯನಗಳು ತೋರಿಸಿದ ಬಳಿಕ, 2007ರ ವೇಳೆಗೆ ಅದು ‘ಪೂರ್ವಜರಲ್ಲಿ ಸೇರಿದವರು’ ಎಂದಾಯಿತು. ಮುದ್ರಣಾಲಯದ ಹಸ್ತಪ್ರತಿಯನ್ನು ಚರ್ಚು 2017ರಲ್ಲಿ 3.5 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. ಎರಡೂ ಹಸ್ತಪ್ರತಿಗಳ ಛಾಯಾಪ್ರತಿಗಳನ್ನು ಚರ್ಚಿನ ಇತಿಹಾಸ ವಿಭಾಗವೇ ಪ್ರಕಟಿಸಿದೆ, ಆದ್ದರಿಂದ ಕೌಡರಿ ಹೊಡೆದುಹಾಕಿದ ಅಕ್ಷರಗಳನ್ನು ಈಗ ನಂಬುವವರೂ ನಂಬದವರೂ ಒಂದೇ ಪುಟದಲ್ಲಿ ಪರೀಕ್ಷಿಸಬಹುದು.